ಲೈಸೆನ್ಸ್ ಇದೆ, ಲೋಡು ಏನಂತ ಗೊತ್ತಾ?

ಮಾಲೂರಿನ ಪಕ್ಕದ ದೇವನಗೊಂದಿಯ ತೈಲ ಡಿಪೊಗಳಿಂದ ಹೊರಟ ಟ್ಯಾಂಕರುಗಳು ನಮ್ಮ ಕೋಲಾರ ಜಿಲ್ಲೆಯ ಕಡೆಯವರಿಗೆ ಹೊಸದೇನಲ್ಲ. ಹಿಂದೆ ದಪ್ಪ ಅಂಕಿಗಳಲ್ಲಿ 1203 ಎಂದು ಬರೆದಿರುತ್ತದೆ. ಅದು ಗಾಡಿಯ ನಂಬರಲ್ಲ, ಪೆಟ್ರೋಲಿಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಸಂಖ್ಯೆ. ಡೀಸೆಲಿಗೆ 1202, ಅಡುಗೆ ಅನಿಲಕ್ಕೆ 1075. ಇಂಥ ಗಾಡಿ ಓಡಿಸುವ ಲೈಸೆನ್ಸಿನ ಬಗ್ಗೆ ನರಸಾಪುರದಿಂದ ನಂಗಲಿವರೆಗಿನ ಡಾಬಾಗಳಲ್ಲಿ ಕೇಳಿಬರುವ ಮಾತುಗಳಲ್ಲಿ ಅರ್ಧ ನಿಜ, ಅರ್ಧ ಗಾಳಿಸುದ್ದಿ.

“ಹೆವಿ ಲೈಸೆನ್ಸ್ ಇದ್ದರೆ ಮುಗೀತು.”

ಮುಗಿಯುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದ ಪ್ರಕಾರ, ಅಪಾಯಕಾರಿ ಸರಕು ಸಾಗಿಸುವವರು ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮೂರು ದಿನದ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ಅದನ್ನು ತೋರಿಸಿ ಆರ್‌ಟಿಒ ಕಚೇರಿಯಲ್ಲಿ ಡಿಎಲ್ ಮೇಲೆ ಆ ಅನುಮತಿಯನ್ನು ಬರೆಸಿಕೊಳ್ಳಬೇಕು.

ಇದರ ಮಗ್ಗುಲಲ್ಲೇ ಇನ್ನೊಂದು ಮಾತು ಹುಟ್ಟಿದೆ: “ಸಣ್ಣ ಗಾಡಿಗೆ ಸುಪ್ರೀಂ ಕೋರ್ಟೇ ವಿನಾಯಿತಿ ಕೊಟ್ಟಿದೆ.” 2024ರ ನವೆಂಬರ್ 6ರಂದು ಸಂವಿಧಾನ ಪೀಠ ಕೊಟ್ಟ ತೀರ್ಪು ನಿಜ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿಯೊಳಗಿನ ಸಾರಿಗೆ ವಾಹನವನ್ನು ಓಡಿಸಬಹುದು. ಆದರೆ ಅದೇ ತೀರ್ಪು, ಅಪಾಯಕಾರಿ ಸರಕಿನ ಗಾಡಿಗಿರುವ ವಿಶೇಷ ಷರತ್ತುಗಳು ಹಾಗೆಯೇ ಉಳಿಯುತ್ತವೆ ಎಂದೂ ಹೇಳಿದೆ. ಈ ಎರಡನೇ ಮಾತು ಡಾಬಾದವರೆಗೆ ಬಂದಿಲ್ಲ.

“ಎಂಟನೇ ಕ್ಲಾಸ್ ಪಾಸಾಗಿರಬೇಕು.”

ಈ ಎಂಟು ಎಲ್ಲಿಂದ ಬಂತು ಎನ್ನುವುದೇ ಒಂದು ಕಥೆ. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಬೇಕೆಂಬ ನಿಯಮ ಹಿಂದೆ ಇತ್ತು, 2019ರಲ್ಲಿ ಅದನ್ನು ತೆಗೆದರು. 9ನೇ ನಿಯಮದಲ್ಲೂ ಒಂದು ಎಂಟು ಇದೆ, ಆದರೆ ಅದು ತರಗತಿಯಲ್ಲ, ಸಂವಿಧಾನದ ಎಂಟನೇ ಪರಿಚ್ಛೇದ. ಅದರಲ್ಲಿರುವ ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು ಎನ್ನುತ್ತದೆ ನಿಯಮ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಆ ಪಟ್ಟಿಯಲ್ಲಿವೆ. ಒಂದೇ ಮಾತಿನಲ್ಲಿ ಮೂರು ಭಾಷೆ ಬೆರೆಸುವ ನಮ್ಮ ಜಿಲ್ಲೆಯ ಡ್ರೈವರನಿಗೆ ಆ ಪಾಲು ಕಷ್ಟವಲ್ಲ. ತೊಡಕಿರುವುದು ಇಂಗ್ಲಿಷಿನಲ್ಲಿ. ಲೋಡಿನ ಹೆಸರು, ಸೋರಿದರೆ ಏನು ಮಾಡಬೇಕೆಂಬ ಸೂಚನೆ, ಡ್ರಮ್ಮಿನ ಮೇಲಿನ ಎಚ್ಚರಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತವೆ.

“ಡೇಂಜರ್ ಅಂದರೆ ಪೆಟ್ರೋಲು, ಗ್ಯಾಸು ಅಷ್ಟೆ.”

ಅಷ್ಟೇ ಅಲ್ಲ. ಹಾಲಿನ ಡೇರಿಯ ಶೀತಲ ಯಂತ್ರಗಳಿಗೆ ಅಮೋನಿಯ ಬೇಕು. ವೆಲ್ಡಿಂಗ್ ಗ್ಯಾಸ್ ತಯಾರಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬೇಕು. ಶ್ರೀನಿವಾಸಪುರದ ಮಾವಿನ ಮಂಡಿ ಕಂಡವರಿಗೆ ಕಾರ್ಬೈಡ್ ಅಂದರೆ ಹಣ್ಣು ಮಾಡುವ ಪುಡಿ ಎಂದಷ್ಟೇ ಗೊತ್ತು. ಆಹಾರ ಸುರಕ್ಷತೆಯ 2011ರ ನಿಬಂಧನೆ ಹಾಗೆ ಹಣ್ಣು ಮಾಡುವುದನ್ನು ನಿಷೇಧಿಸಿದೆ. ಆದರೆ ಸಾಗಣೆಯ ಲೆಕ್ಕದಲ್ಲಿ ಅದು ನೀರು ತಾಗಿದರೆ ಹೊತ್ತಿಕೊಳ್ಳುವ ಅನಿಲ ಬಿಡುವ ಸರಕು, ಸಂಖ್ಯೆ 1402. ಟಾರ್ಪಾಲು ಹರಿದು ಒಂದು ಮಳೆ ಬಿದ್ದರೆ ಸಾಕು.

ಕಲ್ಲು ಕ್ವಾರಿಗಳ ಜಿಲೆಟಿನ್ ಕಡ್ಡಿಗಳದ್ದು ಇನ್ನೂ ಕಟ್ಟುನಿಟ್ಟು. 2008ರ ಸ್ಫೋಟಕ ನಿಯಮಗಳ ಪ್ರಕಾರ ಸಾಗಿಸುವ ವ್ಯಾನಿಗೇ ಬೇರೆ ಲೈಸೆನ್ಸ್ ಬೇಕು. 2021ರ ಜನವರಿ 21ರಂದು ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟ ಆಯಿತು. ತಿಂಗಳು ಕಳೆದ ಬೆನ್ನಲ್ಲೇ ಪಕ್ಕದ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. “ಒಂದು ಬಾಕ್ಸ್ ಅಷ್ಟೆ, ಸೀಟಿನ ಕೆಳಗೆ ಇಟ್ಟುಕೊಳ್ಳೋಣ” ಎನ್ನುವವರು ಈ ಎರಡು ಹೆಸರನ್ನು ನೆನೆಸಿಕೊಳ್ಳಲಿ.

“ಅನ್‌ಲೋಡ್ ಆಯ್ತು, ಇನ್ನೇನು ಭಯ?”

ಪೆಟ್ರೋಲ್ ಆವಿ ಹೊತ್ತಿಕೊಳ್ಳುವುದು ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ 1.4ರಿಂದ 7.6ರ ನಡುವೆ ಇದ್ದಾಗ. ತುಂಬಿದ ಟ್ಯಾಂಕಿನೊಳಗೆ ಆವಿಯೇ ದಟ್ಟ, ಗಾಳಿಗೆ ಜಾಗ ಕಡಿಮೆ. ಖಾಲಿ ಮಾಡಿದ ಮೇಲೆ ಗಾಳಿ ಒಳಹೊಕ್ಕು ಬೆರೆಯುತ್ತದೆ. ಹೀಗಾಗಿ ಖಾಲಿ ಟ್ಯಾಂಕರಿಗೆ ವೆಲ್ಡಿಂಗ್ ಮಾಡಿಸುವ ಮುಂಚೆ ಒಳಗಿನ ಆವಿಯನ್ನು ಪೂರ್ತಿ ಹೊರಹಾಕಿ ಪರೀಕ್ಷಿಸಬೇಕು. ‘ಖಾಲಿ’ ಎನ್ನುವ ಪದ ಈ ವೃತ್ತಿಯಲ್ಲಿ ದೊಡ್ಡ ಸುಳ್ಳುಗಾರ.

“ಸೋರಿದರೆ ಗ್ಯಾಸ್ ಮೇಲಕ್ಕೆ ಹೋಗುತ್ತೆ, ಬೆಂಕಿ ಬಿದ್ದರೆ ನೀರು ಹೊಡಿ.”

ಅಡುಗೆ ಅನಿಲ ಗಾಳಿಗಿಂತ ಭಾರ. ನೆಲ ಹಿಡಿದು ಹರಿಯುತ್ತದೆ, ಚರಂಡಿಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿದಾಗ ಅನಿಲ ರಸ್ತೆಬದಿಯ ಮನೆಗಳತ್ತ ಹರಡಿ ಹೊತ್ತಿಕೊಂಡು ಹಲವರ ಜೀವ ಹೋಯಿತು.

ಇನ್ನು ನೀರಿನ ಮಾತು. ಟ್ಯಾಂಕರಿನ ಫಲಕದಲ್ಲಿ ಪೆಟ್ರೋಲಿಗೆ ‘3ವೈಇ’ ಎಂಬಂಥ ಒಂದು ಸಂಕೇತ ಇರುತ್ತದೆ, ಹ್ಯಾಜ್‌ಕೆಮ್ ಕೋಡ್ ಅನ್ನುತ್ತಾರೆ. ಮೊದಲ ಅಂಕಿ 1 ಇದ್ದರೆ ನೀರು, 2 ಇದ್ದರೆ ತುಂತುರು ನೀರು, 3 ಇದ್ದರೆ ನೊರೆ, 4 ಇದ್ದರೆ ಒಣ ಪುಡಿ, ಅಂದರೆ ನೀರು ಮುಟ್ಟಿಸಲೇಬಾರದು. ಕೊನೆಯ ‘ಇ’ ಸುತ್ತಲಿನ ಜನರನ್ನು ತೆರವು ಮಾಡುವ ಬಗ್ಗೆ ಯೋಚಿಸಿ ಎನ್ನುತ್ತದೆ. ಇದು ಆ ಮೂರು ದಿನದ ತರಬೇತಿಯಲ್ಲಿ ಮೂರನೇ ದಿನದ ಪಾಠ. ಅದೇ ದಿನ ಬಾವಿ, ಹೊಳೆ, ಕೆರೆಗಳಿಗೆ ವಿಷ ಸೇರದಂತೆ ತಡೆಯುವುದನ್ನೂ ಕಲಿಸಬೇಕೆಂದು ಪಠ್ಯದಲ್ಲೇ ಬರೆದಿದೆ. ಕೆರೆಗಳನ್ನೇ ನಂಬಿದ ಕೋಲಾರದಲ್ಲಿ ಈ ಗಂಟೆಯಲ್ಲಿ ಯಾರೂ ತೂಕಡಿಸಬಾರದು.

“ಒಂದು ಸಲ ಮಾಡಿಸಿದರೆ ಡಿಎಲ್ ಇರೋವರೆಗೂ ನಡೆಯುತ್ತೆ.”

ಸಾಮಾನ್ಯ ಸಾರಿಗೆ ಲೈಸೆನ್ಸಿಗೆ ಐದು ವರ್ಷ, ಅಪಾಯಕಾರಿ ಸರಕಿನದ್ದಕ್ಕೆ ಮೂರೇ ವರ್ಷ. 2019ರ ತಿದ್ದುಪಡಿಗೆ ಮುಂಚೆ ಒಂದೇ ವರ್ಷ ಇತ್ತು.

“ಏನಾದರೂ ಆದರೆ ಡ್ರೈವರ್ ತಲೆ ಮೇಲೆ.”

ಡ್ರೈವರನ ಪಾಲು ಇದ್ದೇ ಇದೆ. ಲೋಡಿನ ಕಾಗದ ಕ್ಯಾಬಿನ್ನಿನಲ್ಲೇ ಇಟ್ಟುಕೊಳ್ಳಬೇಕು. ನಿಲ್ಲಿಸಿದಾಗಲೂ ಗಾಡಿಯ ಮೇಲೆ ಅವನ ಅಥವಾ ತಿಳಿದ, 18 ದಾಟಿದ ಇನ್ನೊಬ್ಬನ ಕಣ್ಣಿರಬೇಕು. (ಮುಳಬಾಗಿಲು ದೋಸೆಗೆ ಇಬ್ಬರೂ ಒಟ್ಟಿಗೆ ಹೋಗುವ ಹಾಗಿಲ್ಲ, ಸರದಿಯಲ್ಲಿ ಹೋಗಿ.) ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೆ ತಕ್ಷಣ ತಿಳಿಸಬೇಕು.

ಆದರೆ ಅದಕ್ಕೂ ಮುಂಚಿನ ಕೆಲಸ ಬೇರೆಯವರದ್ದು. ಅದೇ ಮೋಟಾರು ವಾಹನ ನಿಯಮಗಳ 131ನೇ ನಿಯಮದಂತೆ ಸರಕಿನ ಪೂರ್ತಿ ಮಾಹಿತಿಯನ್ನು ಕಳಿಸುವವರು ಕೊಡಬೇಕು. 132ರಂತೆ ಅದನ್ನು ಬರವಣಿಗೆಯಲ್ಲಿ ಡ್ರೈವರನ ಕೈಗೆ ಕೊಡುವುದು ಗಾಡಿ ಮಾಲೀಕರ ಹೊಣೆ. 135ನೇ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಸರಕು ಎಂಥದ್ದು, ಅಪಾಯ ಏನು, ನಿಂತಾಗ ಏನು, ಉರುಳಿದಾಗ ಏನು ಮಾಡಬೇಕು ಎನ್ನುವುದು ಡ್ರೈವರನಿಗೆ ಅರ್ಥವಾಗುವಷ್ಟು ತಿಳಿಸಿರಬೇಕು. ‘ಕಾಗದ ಕೊಟ್ಟಿದ್ದೇವೆ’ ಎಂಬ ಉತ್ತರ ಅಲ್ಲಿ ಸಾಲುವುದಿಲ್ಲ. ರಾತ್ರಿ ಎರಡು ಗಂಟೆಗೆ ಕೀ ಕೊಟ್ಟು “ಹೊರಡಪ್ಪ, ಲೇಟಾಯ್ತು” ಎನ್ನುವ ಓನರಿಗೆ, “ಅಣ್ಣಾ, ಒಳಗೆ ಏನಿದೆ ಅಂತ ಬರೆದು ಕೊಡಿ, ಒಂದು ಸಲ ಓದಿ ಹೇಳಿ” ಎಂದು ಕೇಳುವ ಹಕ್ಕು ಡ್ರೈವರನಿಗೆ ಕಾನೂನಿನಲ್ಲೇ ಇದೆ.