ಕ್ಲೇರ್ ಚುನಾವಣಾ ಕ್ಷೇತ್ರ: ಮತ ಶಬ್ದದ ಎರಡರ್ಥಗಳು

ಮತವೆಂಬ ಶಬ್ದಕ್ಕೆ ಕನ್ನಡದಲ್ಲಿ ಧರ್ಮಪಂಥವೆಂದೂ ಚುನಾವಣೆಯಲ್ಲಿ ಕೊಡುವ ಸಮ್ಮತಿಯೆಂದೂ ಎರಡರ್ಥಗಳುಂಟು. ಐರ್ಲೆಂಡಿನ ಪಶ್ಚಿಮ ತೀರದ ಕ್ಲೇರ್ ಕ್ಷೇತ್ರದ ಚರಿತ್ರೆಯಲ್ಲಿ ಮೊದಲನೆಯದರ ಬಿಡುಗಡೆಗೆ ಎರಡನೆಯದೇ ಬೆಲೆಯಾಗಬೇಕಾಯಿತು.

೧೮೦೧ರಲ್ಲಿ ಐರ್ಲೆಂಡು ಬ್ರಿಟನ್ನಿನೊಡನೆ ಒಂದಾದ ಮೇಲೆ ಕ್ಲೇರ್ ಪ್ರಾಂತವು ಲಂಡನ್ನಿನ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿದ್ದಿತು. ಪ್ರಾಂತದ ಜನರಲ್ಲಿ ಬಹುಮಂದಿ ಕ್ಯಾಥೊಲಿಕರು. ಇವರಿಗೆ ೧೭೯೩ರಲ್ಲಿಯೇ ಮತದಾನದ ಹಕ್ಕು ದೊರೆತಿದ್ದಿತು. ಆದರೆ ಸದಸ್ಯನು ಮಾಡಬೇಕಾದ ಪ್ರಮಾಣವು ಕ್ಯಾಥೊಲಿಕ್ ತತ್ತ್ವಗಳಿಗೆ ವಿರುದ್ಧವಾಗಿದ್ದುದರಿಂದ ಅವರು ಸಭೆಯಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ವರ್ಷಕ್ಕೆ ೪೦ ಷಿಲ್ಲಿಂಗು ಬೆಲೆಬಾಳುವ ಭೂಮಿಯನ್ನು ಜೀವಾವಧಿ ಗುತ್ತಿಗೆಯಿಂದ ಅನುಭವಿಸುವ ಒಕ್ಕಲೂ ಮತದಾರನಾಗಿದ್ದನು. ಮತವನ್ನು ಬಹಿರಂಗವಾಗಿ ಹೇಳಬೇಕಾಗಿದ್ದಿತಾಗಿ ಅವನು ಸಾಮಾನ್ಯವಾಗಿ ಜಮೀನ್ದಾರನ ಇಚ್ಛೆಯನ್ನೇ ಅನುಸರಿಸುತ್ತಿದ್ದನು.

೧೮೨೮ರಲ್ಲಿ ಇಲ್ಲಿಯ ಸದಸ್ಯನಾದ ವೀಸಿ ಫಿಟ್ಜ್‌ಜೆರಾಲ್ಡನು ಮಂತ್ರಿಪದವಿಯನ್ನು ಸ್ವೀಕರಿಸಿ, ಅಂದಿನ ನಿಯಮದಂತೆ ಪುನಃ ಚುನಾವಣೆಗೆ ನಿಂತನು. ಕ್ಯಾಥೊಲಿಕ್ ನ್ಯಾಯವಾದಿಯಾದ ಡೇನಿಯಲ್ ಓ’ಕಾನೆಲ್ಲನು ಅವನಿಗೆ ಪ್ರತಿಸ್ಪರ್ಧಿಯಾದನು. ನಿಷೇಧವಿದ್ದುದು ಸಭೆಯಲ್ಲಿ ಕುಳಿತುಕೊಳ್ಳುವುದಕ್ಕೇ ಹೊರತು ಚುನಾವಣೆಗೆ ನಿಲ್ಲುವುದಕ್ಕಲ್ಲ. ಎನ್ನಿಸ್ ಪಟ್ಟಣದಲ್ಲಿ ಒಕ್ಕಲುಗಳು ಜಮೀನ್ದಾರರನ್ನು ಧಿಕ್ಕರಿಸಿ ಬಹಿರಂಗವಾಗಿಯೇ ಮತವಿತ್ತರು. ಓ’ಕಾನೆಲ್ಲನಿಗೆ ೨,೦೫೭, ಫಿಟ್ಜ್‌ಜೆರಾಲ್ಡನಿಗೆ ೯೮೨ ಮತಗಳು ಬಂದವು.

ದಂಗೆಯಾದೀತೆಂದು ಶಂಕಿಸಿದ ವೆಲಿಂಗ್‌ಟನ್ನನ ಸರ್ಕಾರವು ೧೮೨೯ರ ಏಪ್ರಿಲ್‌ನಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲನ್ನು ತೆರೆಯಿತು. ಅದರೊಡನೆಯೇ ಬಂದ ಮತ್ತೊಂದು ಶಾಸನವು ಐರ್ಲೆಂಡಿನ ಪ್ರಾಂತಗಳಲ್ಲಿ ಮತದಾರನ ಅರ್ಹತೆಯನ್ನು ೪೦ ಷಿಲ್ಲಿಂಗಿನಿಂದ, ಅಂದರೆ ೨ ಪೌಂಡಿನಿಂದ, ೧೦ ಪೌಂಡಿಗೆ ಏರಿಸಿತು. ಎನ್ನಿಸ್‌ನಲ್ಲಿ ಧೈರ್ಯವನ್ನು ತೋರಿದ ವರ್ಗವೇ ಇದರಿಂದ ಹಕ್ಕನ್ನು ಕಳೆದುಕೊಂಡಿತು. ಹಿಂದೆಯೇ ಆರಿಸಲ್ಪಟ್ಟಿದ್ದ ಓ’ಕಾನೆಲ್ಲನಿಗೆ ಹೊಸ ಪ್ರಮಾಣವು ಅನ್ವಯಿಸದೆಂದು ಸಭೆಯು ನಿರ್ಣಯಿಸಿತು. ಅವನು ಹಳೆಯದನ್ನು ನಿರಾಕರಿಸಿದನು. ಅದೇ ಜುಲೈಯಲ್ಲಿ ಕ್ಲೇರ್ ಕ್ಷೇತ್ರವು ಅವನನ್ನು ಅವಿರೋಧವಾಗಿ ಪುನಃ ಆರಿಸಿತು.

೧೮೮೫ರಲ್ಲಿ ಈ ಕ್ಷೇತ್ರವು ಪೂರ್ವ ಕ್ಲೇರ್, ಪಶ್ಚಿಮ ಕ್ಲೇರ್ ಎಂದು ಇಬ್ಭಾಗವಾಯಿತು. ೧೯೧೭ರ ಜುಲೈಯಲ್ಲಿ ಪೂರ್ವ ಕ್ಲೇರ್‌ನಲ್ಲಿ ಈಮನ್ ಡಿ ವೆಲೇರಾ ೫,೦೧೦ ಮತಗಳನ್ನು ಪಡೆದು ಗೆದ್ದನು. ಪ್ರತಿಸ್ಪರ್ಧಿಗೆ ಬಂದವು ೨,೦೩೫. ಪ್ರಮಾಣಭೇದವು ಓ’ಕಾನೆಲ್ಲನನ್ನು ಹೊರಗಿಟ್ಟಿದ್ದ ಆ ಸಭೆಗೆ ಡಿ ವೆಲೇರಾ ತಾನಾಗಿಯೇ ಹೋಗಲಿಲ್ಲ; ಐರ್ಲೆಂಡನ್ನು ಆಳುವ ಅಧಿಕಾರವು ಅದಕ್ಕಿಲ್ಲವೆಂಬುದು ಅವನ ಪಕ್ಷದ ಸಿದ್ಧಾಂತವಾಗಿದ್ದಿತು. ೧೯೨೨ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನೊಡನೆ ಕ್ಲೇರ್‌ನ ಸಂಬಂಧವು ಮುಗಿಯಿತು.

ಓ’ಕಾನೆಲ್ಲನ ವಿಜಯವನ್ನು ಹೇಳುವಾಗ ಆ ವಿಜಯದ ಬೆಲೆಯನ್ನು ತೆತ್ತ ಬಡ ಒಕ್ಕಲುಗಳನ್ನೂ ನೆನೆಯುವುದು ನ್ಯಾಯವಾಗಿದೆ.