ಮೂವತ್ಮೂರರಲ್ಲಿ ಮಕ್ಕಳ ಜತೆ ಕೂತು ಕಲಿತವನ ಹೆಸರಿನ ಕಾಲೇಜು

ಬೀದರ್‌ನಿಂದ ಬೆಂಗಳೂರು ಹೆಚ್ಚುಕಡಿಮೆ 700 ಕಿಲೋಮೀಟರ್. ಹೈದರಾಬಾದ್ 140ರ ಆಸುಪಾಸು. ಕಲಬುರಗಿ, ರಾಯಚೂರಿನಿಂದಲೂ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಹೈದರಾಬಾದ್ ತಲುಪಬಹುದು. 1956ರ ನವೆಂಬರ್ 1ರ ತನಕ ಈ ಜಿಲ್ಲೆಗಳಿಗೆ ಅದೇ ರಾಜಧಾನಿಯಾಗಿತ್ತು. ದೊಡ್ಡ ಆಸ್ಪತ್ರೆಗೆ, ಮದುವೆಯ ಜವಳಿಗೆ, ಮಕ್ಕಳ ಓದಿಗೆ ಅಲ್ಲಿನ ಎಷ್ಟೋ ಮನೆಯವರು ಇಂದಿಗೂ ಹೋಗುವುದು ಅತ್ತಲೇ. ಹೀಗಾಗಿ ಪಿಯುಸಿ ಫಲಿತಾಂಶ ಬಂದ ವಾರ ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಧಾರವಾಡ, ಬೆಂಗಳೂರಿನ ಜತೆಗೆ ಹೈದರಾಬಾದಿನ ಕಾಲೇಜುಗಳ ಹೆಸರೂ ಕೇಳಿಬರುತ್ತವೆ. ಆ ಹೆಸರುಗಳಲ್ಲಿ ಲೊಯೋಲಾ ಅಕಾಡೆಮಿಯೂ ಒಂದು.

ಸಿಕಂದರಾಬಾದಿನ ಉತ್ತರಕ್ಕೆ, ಓಲ್ಡ್ ಅಲ್ವಾಲ್‌ನಲ್ಲಿ 1976ರಲ್ಲಿ ಆಂಧ್ರದ ಜೆಸ್ವಿಟ್ ಪಾದ್ರಿಗಳು ಶುರು ಮಾಡಿದ ಕಾಲೇಜು ಇದು. ವಿಜಯವಾಡದ ಆಂಧ್ರ ಲೊಯೋಲಾ ಕಾಲೇಜು ಇದಕ್ಕಿಂತ ಎರಡು ದಶಕ ಹಿರಿಯದು. ಅಲ್ವಾಲ್‌ನದು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಸ್ವಾಯತ್ತ ಕಾಲೇಜು. ಪಠ್ಯ, ಪರೀಕ್ಷೆ, ಮೌಲ್ಯಮಾಪನ ಕಾಲೇಜಿನದು. ಪದವಿ ಪ್ರಮಾಣಪತ್ರ ಉಸ್ಮಾನಿಯಾದ್ದು. ನಮ್ಮ ರಾಜ್ಯದೊಳಗೆ ಜೆಸ್ವಿಟರದೇ ವಿಶ್ವವಿದ್ಯಾಲಯ ಬೇಕೆನ್ನುವವರು ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು. ಆ ಎರಡರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಯಾವ ಊರಾದರೂ ಇವರ ಕ್ಯಾಂಪಸ್ಸನ್ನು ಆರಿಸುವ ಮೊದಲು ಇವರ ಮೂಲಪುರುಷ ಯಾವ ಬಗೆಯ ವಿದ್ಯಾರ್ಥಿಯಾಗಿದ್ದ ಎಂಬುದನ್ನು ತಿಳಿದುಕೊಳ್ಳಬೇಕು. ಅಲ್ಲಿ ಏನು ಕೇಳಬೇಕು, ಏನು ನೋಡಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಕೈಪಿಡಿ ನನಗೆ ಸಿಕ್ಕಿಲ್ಲ.

ಇಗ್ನೇಷಿಯಸ್ ಲೊಯೋಲಾ ಹುಟ್ಟಿದ್ದು 1491ರಲ್ಲಿ, ಸ್ಪೇನಿನ ಬಾಸ್ಕ್ ಸೀಮೆಯಲ್ಲಿ. ವೃತ್ತಿಯಿಂದ ಯೋಧ. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿಯಿತು. ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಮನಸ್ಸು ಬೇರೆ ಕಡೆ ತಿರುಗಿತು. ಜನರಿಗೆ ನೆರವಾಗಬೇಕು, ಅದಕ್ಕೆ ಮೊದಲು ತಾನು ಓದಬೇಕು ಎಂದು ಹೊರಟಾಗ ವಯಸ್ಸು ಮೂವತ್ತು ದಾಟಿತ್ತು. ಆಗ ಯುರೋಪಿನಲ್ಲಿ ವಿದ್ಯೆಯೆಲ್ಲ ಲ್ಯಾಟಿನ್‌ನಲ್ಲಿ. ಮನೆಯಲ್ಲಿ ಬಾಸ್ಕ್, ಹೊರಗೆ ಕ್ಯಾಸ್ಟಿಲಿಯನ್ ಆಡುತ್ತಿದ್ದ ಈ ಮನುಷ್ಯನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. 1524ರಲ್ಲಿ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ನಡುವೆ ಕೂತು ವ್ಯಾಕರಣ ಕಲಿತ. ಆರ್ದೆವೋಲ್ ಎಂಬ ಮೇಷ್ಟ್ರು ಪುಕ್ಕಟೆ ಪಾಠ ಹೇಳಿದರು. ಇಸಾಬೆಲ್ ರೋಸೆರ್ ಎಂಬ ಹೆಣ್ಣುಮಗಳು ಊಟ-ವಸತಿಯ ಖರ್ಚು ನೋಡಿಕೊಂಡಳು.

1528ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯ ಸೇರಿದ ಮೇಲೆ ಎದುರಾದದ್ದು ಇಂದಿನ ಯಾವ ಹಾಸ್ಟೆಲ್ ಹುಡುಗನಿಗೂ ಅರ್ಥವಾಗುವ ಕಷ್ಟ. ಕೈಲಿದ್ದ ಹಣವನ್ನು ಜತೆಗಿದ್ದ ಒಬ್ಬ ಸ್ಪೇನಿನವನ ಬಳಿ ಇಡಲು ಕೊಟ್ಟ. ಅವನು ಅದನ್ನು ಖರ್ಚು ಮಾಡಿಬಿಟ್ಟ. ಬಾಡಿಗೆ ಕಟ್ಟಲಾಗದೆ ಊರಾಚೆಯ ಒಂದು ಧರ್ಮಶಾಲೆಗೆ ಹೋದ. ಕಾಲೇಜಿಗೂ ಅದಕ್ಕೂ ದೂರ. ಬೆಳಗಾದ ಮೇಲಷ್ಟೇ ಬಾಗಿಲು ತೆರೆಯುತ್ತಿತ್ತು, ಅಷ್ಟರಲ್ಲಿ ಪಾಠ ಶುರುವಾಗಿರುತ್ತಿತ್ತು. ಸಂಜೆ ಬಾಗಿಲು ಹಾಕುವ ಮೊದಲು ವಾಪಸಾಗಬೇಕಿದ್ದರಿಂದ ಕೊನೆಯ ಪಾಠವೂ ತಪ್ಪುತ್ತಿತ್ತು. ಕಡೆಗೆ ವರ್ಷಕ್ಕೊಮ್ಮೆ ಫ್ಲಾಂಡರ್ಸ್‌ಗೆ ಹೋಗಿ ಅಲ್ಲಿನ ಸ್ಪ್ಯಾನಿಷ್ ವ್ಯಾಪಾರಿಗಳ ಹತ್ತಿರ ಬೇಡಿ ತಂದ ದುಡ್ಡಿನಲ್ಲಿ ಓದು ಮುಂದುವರಿಸಿದ. 1529ರಲ್ಲಿ ಸೇಂಟ್ ಬಾರ್ಬ್ ಕಾಲೇಜು ಸೇರಿದಾಗ ಅಲ್ಲಿ ಸಿಕ್ಕ ಕೋಣೆಯ ಸಂಗಾತಿಗಳು ಇಬ್ಬರು. ಒಬ್ಬ ಸವಾಯ್ ಸೀಮೆಯ ಕುರಿಗಾಹಿ ಮನೆತನದ ಪೀಟರ್ ಫೇಬರ್. ಇಗ್ನೇಷಿಯಸ್‌ನಿಗಿಂತ ಎಷ್ಟೋ ಚಿಕ್ಕವನಾದರೂ ಅವನಿಗೆ ತತ್ತ್ವಶಾಸ್ತ್ರದ ಪಾಠ ಬಿಡಿಸಿ ಹೇಳಿದವನು. ಇನ್ನೊಬ್ಬ ನವಾರದ ದೊಡ್ಡ ಮನೆತನದ ಹುಡುಗ, ಮುಂದೆ ಗೋವಾಕ್ಕೆ ಬಂದ ಫ್ರಾನ್ಸಿಸ್ ಕ್ಸೇವಿಯರ್. 1540ರಲ್ಲಿ ಪೋಪರ ಒಪ್ಪಿಗೆ ಪಡೆದ ಯೇಸು ಸಭೆ, ಅಂದರೆ ಜೆಸ್ವಿಟ್ ಸಂಘ, ಆ ಕೋಣೆಯ ಗೆಳೆತನದಿಂದ ಬೆಳೆದದ್ದು. 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಕಾಲೇಜು ತೆರೆದರು, 1551ರಲ್ಲಿ ರೋಮಿನಲ್ಲಿ ಶುಲ್ಕವಿಲ್ಲದ ಶಾಲೆ ತೆರೆದರು. 1599ರ ಹೊತ್ತಿಗೆ ಪಾಠ, ಪುನರಾವರ್ತನೆ, ವಾದ, ಪರೀಕ್ಷೆ ಎಲ್ಲಕ್ಕೂ ಒಂದು ಕ್ರಮ ಬರೆದಿಟ್ಟರು.

ಭಾಷೆ, ದುಡ್ಡು, ದೂರ. ಇಗ್ನೇಷಿಯಸ್‌ನನ್ನು ಕಾಡಿದ ಈ ಮೂರೂ ಇವತ್ತು ಶಹಾಪುರದಿಂದಲೋ ಔರಾದಿನಿಂದಲೋ ಹೊರಟ ಮಗುವನ್ನು ಕಾಡುತ್ತವೆ. ಆತನ ಹೆಸರಿನಲ್ಲಿ ನಡೆಯುವ ಕಾಲೇಜನ್ನು ಈ ಮೂರು ಪ್ರಶ್ನೆ ಹಿಡಿದು ನೋಡುವ ಹಕ್ಕು ನಮಗಿದೆ.

ದೂರದ್ದನ್ನು ಮೊದಲು ಹೇಳುತ್ತೇನೆ, ಬೇಗ ಮುಗಿಯುತ್ತದೆ. ಅಲ್ವಾಲ್‌ಗೆ ಹೈದರಾಬಾದ್ ಮೆಟ್ರೊ ಇಲ್ಲ. ಎಂಜಿಬಿಎಸ್ ಬಸ್ ನಿಲ್ದಾಣದಲ್ಲಿ ಇಳಿದವರು ಅಲ್ಲೇ ಮೆಟ್ರೊ ಹತ್ತಿ ಜೆಬಿಎಸ್ ಪರೇಡ್ ಗ್ರೌಂಡ್ಸ್‌ವರೆಗೆ ಹೋಗಬಹುದು. 2020ರಿಂದ ಆ ಮಾರ್ಗವಿದೆ. ಅಲ್ಲಿಂದ ಮುಂದೆ ಸಿಟಿ ಬಸ್ಸು. ಸಿಕಂದರಾಬಾದ್–ಮೇಡ್ಚಲ್ ಹಳಿಯ ಮೇಲೆ 2023ರಿಂದ ಎಂಎಂಟಿಎಸ್ ಲೋಕಲ್ ಓಡುತ್ತದೆ, ಅಲ್ವಾಲ್‌ಗೆ ನಿಲ್ದಾಣವೂ ಇದೆ. ಆದರೆ ರೈಲಿನ ವೇಳೆ ಕ್ಲಾಸಿನ ವೇಳೆಗೆ ಹೊಂದುತ್ತದೆಯೇ ನೋಡಿಕೊಳ್ಳಬೇಕು. ಜೆಬಿಎಸ್‌ನಿಂದ ಶಾಮೀರ್‌ಪೇಟೆ ಕಡೆಗೆ ಹೋಗುವ ರಾಜೀವ್ ರಹದಾರಿಯಲ್ಲಿ ವಾಹನಗಳ ಒತ್ತಡ ಎಷ್ಟೆಂದರೆ ಅದರ ಮೇಲೊಂದು ಎತ್ತರಿಸಿದ ರಸ್ತೆಗೆ 2024ರಲ್ಲಿ ಶಂಕುಸ್ಥಾಪನೆ ಆಯಿತು. ಕುಕಟ್‌ಪಲ್ಲಿಯಲ್ಲೋ ಮೆಹದಿಪಟ್ನಂನಲ್ಲೋ ಮಾವನ ಮನೆಯಿದೆ, ಅಲ್ಲಿಂದಲೇ ಓಡಾಡಲಿ ಎನ್ನುವ ಲೆಕ್ಕಾಚಾರ ಊರಲ್ಲಿ ಕೂತಾಗ ಚೆನ್ನಾಗಿಯೇ ಕಾಣುತ್ತದೆ. ಒಂದು ಸೋಮವಾರ ಬೆಳಿಗ್ಗೆ ಆ ಮನೆಯಿಂದ ಕಾಲೇಜಿನ ಗೇಟಿನವರೆಗೆ ಮಗಳನ್ನೋ ಮಗನನ್ನೋ ಕರೆದುಕೊಂಡು ಬಸ್ಸಿನಲ್ಲೇ ಹೋಗಿ ನೋಡಿ. ದಿನಕ್ಕೆ ಮೂರು ತಾಸು ರಸ್ತೆಗೇ ಹೋಗುವುದಾದರೆ ಧರ್ಮಶಾಲೆಯ ಇಗ್ನೇಷಿಯಸ್‌ನ ಪಾಡೇ ಅವರದೂ ಆಗುತ್ತದೆ. ಕಾಲೇಜಿನ ಹಾಸ್ಟೆಲ್ ಸಿಗದಿದ್ದರೆ ಅಲ್ವಾಲ್, ಬೊಲಾರಂ ಸುತ್ತಲೇ ಪಿಜಿ ಹುಡುಕುವುದು ಮೇಲು. ದಂಡಿನ ಪ್ರದೇಶಕ್ಕೆ ಹೊಂದಿಕೊಂಡ ಜಾಗ, ಬೊಲಾರಂನಲ್ಲಿ ರಾಷ್ಟ್ರಪತಿ ನಿಲಯವಿದೆ. ಹೈಟೆಕ್ ಸಿಟಿಯ ಗದ್ದಲಕ್ಕೆ ಹೋಲಿಸಿದರೆ ನೆಮ್ಮದಿಯ ಕಡೆ.

ದುಡ್ಡಿನ ವಿಷಯದಲ್ಲಿ ನಮ್ಮವರು ಏಟು ತಿನ್ನುವುದು ಶುಲ್ಕದ ಮೊತ್ತದಲ್ಲಲ್ಲ, ರಾಜ್ಯದ ಗಡಿಯಲ್ಲಿ. ಕರ್ನಾಟಕದ ಜಾತಿ ಪ್ರಮಾಣಪತ್ರ ಹಿಡಿದು ತೆಲಂಗಾಣದ ಮೀಸಲಾತಿ ಕೇಳಲು ಆಗದು. ಅಲ್ಲಿನ ಸರ್ಕಾರದ ಶುಲ್ಕ ಮರುಪಾವತಿ ಅಲ್ಲಿನ ಸ್ಥಳೀಯರಿಗೆ. ಇತ್ತ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟಿನಲ್ಲೂ ನೌಕರಿಯಲ್ಲೂ ಕೊಟ್ಟಿರುವ ಮೀಸಲು ಕರ್ನಾಟಕದೊಳಗಿನದು. ಗಡಿ ದಾಟುವಾಗ ಏನು ಬಿಟ್ಟುಹೋಗುತ್ತಿದ್ದೇವೆ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಬೇಕು. ಹೊರರಾಜ್ಯದಲ್ಲಿ ಓದುವವರಿಗೆ ನಮ್ಮ ಸರ್ಕಾರದಿಂದ ಯಾವ ವಿದ್ಯಾರ್ಥಿವೇತನ ಮುಂದುವರಿಯುತ್ತದೆ ಎಂದು ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಅದಾದ ಮೇಲೆ, ಸಂಕೋಚ ಬಿಟ್ಟು, ಕಾಲೇಜಿನ ಫಾದರ್ ಒಬ್ಬರನ್ನು ಕಂಡು ಬಡ ಮಕ್ಕಳಿಗೆ ಶುಲ್ಕದಲ್ಲಿ ಏನು ರಿಯಾಯಿತಿ ಉಂಟು ಎಂದು ಕೇಳಬೇಕು. ರೋಮಿನಲ್ಲಿ ಪುಕ್ಕಟೆ ಕಲಿಸಿದ ಪರಂಪರೆಯವರನ್ನು ಈ ಪ್ರಶ್ನೆ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ.

ಕೋರ್ಸುಗಳ ಬಗ್ಗೆ ಒಂದೆರಡು ಮಾತು. ಸಾಮಾನ್ಯ ಬಿಎ, ಬಿಕಾಂ, ಬಿಎಸ್ಸಿ ಎಲ್ಲೆಡೆ ಸಿಗುತ್ತವೆ. ಅಲ್ವಾಲ್‌ನ ಲೊಯೋಲಾ ಹೆಸರು ಮಾಡಿದ್ದು ಕೃಷಿ ಮತ್ತು ಗ್ರಾಮಾಭಿವೃದ್ಧಿ, ಆಹಾರ ತಂತ್ರಜ್ಞಾನ, ರಾಸಾಯನಿಕ ತಂತ್ರಜ್ಞಾನ, ಸಮೂಹ ಸಂವಹನದಂಥ ವಿಷಯಗಳಲ್ಲಿ. ತೊಗರಿ, ಭತ್ತ ಬೆಳೆಯುವ ಮನೆಯ ಮಗುವಿಗೆ ಕೃಷಿ, ಆಹಾರದ ಕೋರ್ಸು ಕಣ್ಣಿಗೆ ಬೀಳುವುದು ಸಹಜ. ಆದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಕೊಡುವ ನಾಲ್ಕು ವರ್ಷದ ಕೃಷಿ ಪದವಿಗೆ ಇದನ್ನು ಸಮ ಎಂದು ಎಣಿಸಿ ಹೋಗಬಾರದು. ಕೃಷಿ ಅಧಿಕಾರಿ ಹುದ್ದೆಗೆ, ಮುಂದಿನ ಎಂಎಸ್ಸಿಗೆ ಯಾವುದು ಅರ್ಹತೆ ಎಂದು ಲಿಖಿತವಾಗಿ ಕೇಳಿ ಪಡೆಯಬೇಕು. ಪ್ರವೇಶದ ದಾರಿಯನ್ನೂ ಮುಂಚೆಯೇ ತಿಳಿಯಬೇಕು: ತೆಲಂಗಾಣದ ಹೆಚ್ಚಿನ ಪದವಿ ಕಾಲೇಜುಗಳ ಸೀಟು ‘ದೋಸ್ತ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಹಂಚಿಕೆಯಾಗುತ್ತದೆ, ಕೆಲವು ಅಲ್ಪಸಂಖ್ಯಾತ ಕಾಲೇಜುಗಳು ತಾವೇ ಅರ್ಜಿ ಕರೆಯುತ್ತವೆ. ಎರಡರ ದಿನಾಂಕ ಬೇರೆ ಬೇರೆ.

ಇನ್ನು ಭಾಷೆ. ನನಗೆ ಮಿಕ್ಕೆಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಇಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ, ಪಿಯುಸಿಯಲ್ಲಿ ಎರಡು ವರ್ಷ ಇಂಗ್ಲಿಷಿನ ಜತೆ ಗುದ್ದಾಡಿ ಬಂದವರು ಈ ಕಾಲೇಜಿನ ಮೊದಲ ಆರು ತಿಂಗಳಲ್ಲಿ ಬಾಯಿ ಬಿಡುವುದಿಲ್ಲ. ಬೀದಿಯಲ್ಲಿ ಅವರಿಗೆ ಕಷ್ಟವಿಲ್ಲ. ಬೀದರ್, ಕಲಬುರಗಿಯ ಮಕ್ಕಳಿಗೆ ಹೈದರಾಬಾದಿನ ದಖ್ಖನಿ ಮನೆಮಾತಿನಷ್ಟೇ ಸಲೀಸು. ಕ್ಲಾಸಿನಲ್ಲಿ, ಸೆಮಿನಾರಿನಲ್ಲಿ ನಾಲಿಗೆ ಕಟ್ಟುತ್ತದೆ. ದ್ವಿತೀಯ ಭಾಷೆಯ ತೊಡಕೂ ಇದೆ. ಹೈದರಾಬಾದಿನ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ತೆಲುಗು, ಹಿಂದಿ, ಸಂಸ್ಕೃತ. ಕನ್ನಡ ಬಿಟ್ಟು ಹಿಂದಿ ಹಿಡಿಯಬೇಕಾದ ಮಗು ಆ ಪತ್ರಿಕೆಗೂ ಹೊಸದಾಗಿ ದುಡಿಯಬೇಕು. ಹೈದರಾಬಾದಿಗೆ ಕನ್ನಡವೇನೂ ಅಪರಿಚಿತವಲ್ಲ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ಕನ್ನಡಿಗರು ಕಟ್ಟಿದ ನೃಪತುಂಗ ವಿದ್ಯಾಸಂಸ್ಥೆಯಿದೆ. ಭಾನುವಾರ ಅಲ್ಲಿಗೆ ಹೋಗಿಬರುವ ರೂಢಿ ಮಾಡಿಕೊಂಡರೆ ಪುಸ್ತಕವೂ ಸಿಗುತ್ತದೆ, ಪರೀಕ್ಷೆ ಹತ್ತಿರ ಬಂದಾಗ ಧೈರ್ಯ ಹೇಳುವ ಹಿರಿಯರೂ ಸಿಗುತ್ತಾರೆ.

ಹಾಗಾಗಿ ಕಾಲೇಜು ನೋಡಲು ಹೋದವರು ಪ್ರಯೋಗಾಲಯ, ಸಭಾಂಗಣ ನೋಡಿ ಬಂದುಬಿಡಬಾರದು. ತೆಲುಗು ಮಾಧ್ಯಮದಿಂದ ಬಂದು ಎರಡನೇ ವರ್ಷದಲ್ಲಿರುವ ಒಬ್ಬರನ್ನು ಕ್ಯಾಂಟೀನಿನಲ್ಲಿ ಹುಡುಕಿ ಮಾತಾಡಿಸಬೇಕು. ಮೊದಲ ಸೆಮಿಸ್ಟರ್ ಹೇಗಿತ್ತು, ಯಾರು ಕೈಹಿಡಿದರು, ಫೇಲಾದ ವಿಷಯಕ್ಕೆ ಮತ್ತೆ ಪಾಠ ಹೇಳಿದರಾ? ವಿದ್ಯಾರ್ಥಿಯ ಅಂಕವನ್ನಷ್ಟೇ ಅಲ್ಲ, ಇಡೀ ಮನುಷ್ಯನನ್ನು ನೋಡಿಕೊಳ್ಳುತ್ತೇವೆ ಎಂಬುದು ಜೆಸ್ವಿಟರು ಎಲ್ಲ ಕಡೆ ಹೇಳುವ ಮಾತು. ಅದು ನಡೆಯುತ್ತದೋ ಇಲ್ಲವೋ ಎನ್ನುವುದು ಪ್ರಾಸ್ಪೆಕ್ಟಸ್ಸಿಗಿಂತ ಆ ಹುಡುಗನಿಗೆ, ಆ ಹುಡುಗಿಗೆ ಚೆನ್ನಾಗಿ ಗೊತ್ತು.

ಅವರ ಇನ್ನೊಂದು ಮಾತಿಗೂ ಚರಿತ್ರೆಯಿದೆ. ಜೆಸ್ವಿಟ್ ಸಂಘದ ಆಗಿನ ಮುಖ್ಯಸ್ಥ ಪೆದ್ರೊ ಅರುಪೆ 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ತಮ್ಮ ಹಳೆಯ ವಿದ್ಯಾರ್ಥಿಗಳೆದುರು ನಿಂತು, ಪರರಿಗಾಗಿ ಬದುಕುವ ಮನುಷ್ಯರನ್ನು ರೂಪಿಸುವುದೇ ನಮ್ಮ ಶಿಕ್ಷಣದ ಗುರಿ ಎಂದರು. ನಿಮಗೆ ನ್ಯಾಯದ ಪಾಠವನ್ನು ನಾವು ಸಾಕಷ್ಟು ಕಲಿಸಲಿಲ್ಲ ಎಂದೂ ಅಲ್ಲೇ ಒಪ್ಪಿಕೊಂಡರು. ಜೆಸ್ವಿಟ್ ಕಾಲೇಜುಗಳಲ್ಲಿ ಹಳ್ಳಿ, ಕೊಳೆಗೇರಿಗಳಿಗೆ ಹೋಗಿ ಕೆಲಸ ಮಾಡುವ ಕ್ರಮ ಗಟ್ಟಿಯಾದದ್ದು ಇಂಥ ಮಾತುಗಳ ಬಲದಿಂದ. ನಮ್ಮ ಹಳ್ಳಿಯ ಮಕ್ಕಳು ಇದರಲ್ಲಿ ಹಿಂದೆ ಬೀಳುವುದಿಲ್ಲ, ಮುಂದೇ ನಿಲ್ಲುತ್ತಾರೆ. ರೇಷನ್ ಅಂಗಡಿ, ಅಂಗನವಾಡಿ, ಗುಳೆ ಹೋಗುವ ಸಂಸಾರ ಅವರಿಗೆ ಹೊಸ ವಿಷಯವಲ್ಲ.

ಇನ್ನು ಕರ್ನಾಟಕದೊಳಗಿನ ಆಯ್ಕೆಗಳು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶುರುವಾದದ್ದು 1882ರಲ್ಲಿ, ಫ್ರೆಂಚ್ ಮಿಷನರಿಗಳಿಂದ. ಜೆಸ್ವಿಟರ ಕೈಗೆ ಬಂದದ್ದು 1937ರಲ್ಲಿ. ವಿಶ್ವವಿದ್ಯಾಲಯವಾದ ಮೇಲೆ 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಲ್ಯಾಂಗ್‌ಫರ್ಡ್ ರಸ್ತೆ, ಶಾಂತಿನಗರ ಬಸ್ ನಿಲ್ದಾಣ, ಲಾಲ್‌ಬಾಗ್ ಎಲ್ಲ ಹತ್ತಿರ. ನಗರದ ನಟ್ಟನಡುವಿನ ಕ್ಯಾಂಪಸ್, ಅಷ್ಟೇ ದುಬಾರಿ ಬಾಡಿಗೆ. ಮಂಗಳೂರಿನ ಸಂತ ಅಲೋಶಿಯಸ್ ಇಟಲಿಯ ಜೆಸ್ವಿಟರು 1880ರಲ್ಲಿ ಸ್ಥಾಪಿಸಿದ್ದು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಲೈಟ್‌ಹೌಸ್ ಹಿಲ್ ಮೇಲಿನ ಅದರ ಚಾಪೆಲ್‌ನ ಗೋಡೆ, ಛಾವಣಿಯನ್ನೆಲ್ಲ ಆಂಟೋನಿಯೊ ಮೊಸ್ಕೇನಿ ಚಿತ್ರಗಳಿಂದ ತುಂಬಿದ್ದಾನೆ. ಓದಲು ಸೇರದವರೂ ಒಮ್ಮೆ ನೋಡಬೇಕಾದ ಜಾಗ. ಅವರ ಸಮುದಾಯ ಬಾನುಲಿ ರೇಡಿಯೊ ಸಾರಂಗ್‌ನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕೂ ಕೇಳುತ್ತವೆ. ಭಾಷೆಯ ವಿಷಯದಲ್ಲಿ ಹಿಂಜರಿಯುವ ಮಗುವಿಗೆ, ನನ್ನ ಮಟ್ಟಿಗೆ, ಈ ಮೂರರಲ್ಲಿ ಮಂಗಳೂರು ಹೆಚ್ಚು ಹಿತ. ಹೊರಗೆ ಕನ್ನಡ ನಡೆಯುತ್ತದೆ, ದ್ವಿತೀಯ ಭಾಷೆ ಬಿಡಬೇಕಿಲ್ಲ. ಆದರೆ ಬೀದರಿನ ತಾಯಿ ಮಗಳನ್ನು ನೋಡಲು ರಾತ್ರಿ ಹಗಲು ಪ್ರಯಾಣ ಮಾಡಬೇಕು. ಜ್ವರ ಬಂತೆಂದು ಫೋನು ಬಂದ ದಿನವೇ ಸಂಜೆಯೊಳಗೆ ತಲುಪಬಹುದಾದದ್ದು ಅಲ್ವಾಲ್ ಒಂದೇ, ಮತ್ತು ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳನ್ನು ಹೊರಗೆ ಕಳಿಸಲು ಒಪ್ಪಿಸುವ ಕಾರಣವೂ ಅದೇ. ಆ ಕಾರಣವನ್ನು ನಾನು ಸಣ್ಣದೆಂದು ಎಣಿಸಲಾರೆ. ಅಲ್ವಾಲ್‌ಗೆ ಹೋಗುವುದೇ ಆದರೆ ಟಿಸಿ, ಅಂಕಪಟ್ಟಿ, ಪಿಯುಸಿಯ ಮೈಗ್ರೇಷನ್ ಪ್ರಮಾಣಪತ್ರ ಇವುಗಳ ಎರಡೆರಡು ನಕಲು ಇಟ್ಟುಕೊಂಡು, ಫಲಿತಾಂಶಕ್ಕೆ ಕಾಯದೆ ಮಾರ್ಚಿನಿಂದಲೇ ಪ್ರಕಟಣೆ ಗಮನಿಸುತ್ತಿರಬೇಕು.