ಬರೆಯುವ ಮೇಜು ಹಗುರಾದ ಕಾಲ

ಹಳೆಯ ಬರೆಯುವ ಮೇಜೊಂದು ಮಾರಾಟಕ್ಕೆ ಬಂದರೆ ಅನುಭವಿ ಬಡಗಿ ಮೇಲ್ಹಲಗೆಯ ಹೊಳಪಿಗೆ ಮರುಳಾಗುವುದಿಲ್ಲ. ಡ್ರಾಯರನ್ನು ಪೂರ್ತಿ ಹೊರಗೆಳೆದು ಮಗುಚಿ ಹಾಕುತ್ತಾರೆ. ಮುಂದಿನ ಹಲಗೆ ಪಕ್ಕದ ಹಲಗೆಯನ್ನು ಸೇರುವ ಮೂಲೆಯಲ್ಲಿ, ತುದಿಗೆ ಹೋದಂತೆಲ್ಲ ಅಗಲವಾಗುವ ಹಲ್ಲುಗಳು ಒಂದರೊಳಗೊಂದು ಕೂತಿವೆಯೇ, ಇಲ್ಲ ಬರೀ ಮೊಳೆ ಹೊಡೆದಿದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. ಡವ್‌ಟೇಲ್ ಎಂದು ಕರೆಯುವ ಈ ಜೋಡಣೆ ಇದ್ದರೆ, ದಿನಕ್ಕೆ ಹತ್ತು ಸಲ ಎಳೆದರೂ ಡ್ರಾಯರಿನ ಮೂಲೆ ಬಿಟ್ಟುಕೊಳ್ಳುವುದಿಲ್ಲ. ಹಲ್ಲುಗಳ ಆಕಾರವೇ ಎಳೆತವನ್ನು ತಡೆಯುತ್ತದೆ. ಆಮೇಲೆ ಅವರ ಕಣ್ಣು ಮೇಜಿನ ಬೆನ್ನಿಗೆ ಹೋಗುತ್ತದೆ. ಅಲ್ಲೂ ಮುಂಭಾಗದಷ್ಟೇ ನಯವಾದ ಕೆಲಸ ಕಂಡರೆ, ಅದು 1950–60ರ ದಶಕದ ಒಳ್ಳೆಯ ಮೇಜಿರಬಹುದು ಎಂಬ ಆಸೆ ಮೂಡುತ್ತದೆ.

ಎರಡನೇ ಮಹಾಯುದ್ಧ ಮುಗಿದಂದಿನಿಂದ ಸುಮಾರು 1970ರವರೆಗೆ ಡೆನ್ಮಾರ್ಕ್, ಅಮೆರಿಕ ಮತ್ತು ನಮ್ಮದೇ ಚಂಡೀಗಢದಲ್ಲಿ ತಯಾರಾದ ಇಂಥ ಪೀಠೋಪಕರಣಗಳನ್ನು ಜಗತ್ತು ಮಿಡ್‌ಸೆಂಚುರಿ ಮಾಡರ್ನ್ ಎಂಬ ಹೆಸರಿನಲ್ಲಿ ಗುರುತಿಸುತ್ತದೆ. ಇವುಗಳ ಬೆಲೆ, ಹರಾಜುಗಳ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅವುಗಳ ನಿಜವಾದ ಹಿರಿಮೆ ಬೇರೆ. ಅರಮನೆಯಲ್ಲಿ, ದೊಡ್ಡ ಯಜಮಾನರ ಕೋಣೆಯಲ್ಲಿ ಮಾತ್ರ ಇದ್ದ ಒಳ್ಳೆಯ ಮೇಜನ್ನು ಗುಮಾಸ್ತರಿಗೆ, ವಿದ್ಯಾರ್ಥಿಗೆ, ಮನೆಯ ಮೂಲೆಯಲ್ಲಿ ಕೂತು ಬರೆಯುವವರಿಗೆ ತಲುಪಿಸಿದ ಕಾಲ ಅದು.

ಬರೆಯುವ ಮೇಜು ಮೊದಲು ಚಪ್ಪಟೆಯಾಗಿರಲಿಲ್ಲ. ಯುರೋಪಿನ ಮಠಗಳಲ್ಲಿ ಹಸ್ತಪ್ರತಿ ನಕಲು ಮಾಡುತ್ತಿದ್ದವರು ಇಳಿಜಾರು ಹಲಗೆಯ ಮೇಲೆ ಬರೆಯುತ್ತಿದ್ದರು. ಹಾಗೆ ಬರೆದರೆ ಗರಿಯ ಲೇಖನಿಯಿಂದ ಶಾಯಿ ಒಮ್ಮೆಲೇ ಸುರಿಯದೆ ಹದವಾಗಿ ಇಳಿಯುತ್ತದೆ, ಕುತ್ತಿಗೆಯೂ ಹೆಚ್ಚು ಬಗ್ಗುವುದಿಲ್ಲ. ನಮ್ಮ ಹಳೆಯ ಅಂಗಡಿಗಳಲ್ಲಿ, ಶಾನುಭೋಗರ ಮನೆಗಳಲ್ಲಿ ಚಾಪೆಯ ಮೇಲೆ ಕೂತು ಲೆಕ್ಕ ಬರೆಯಲು ಬಳಸುತ್ತಿದ್ದ ಗಿಡ್ಡ ಡೆಸ್ಕಿನ ಮುಚ್ಚಳವೂ ಇಳಿಜಾರೇ. ಒಳಗೆ ಕಾಗದಪತ್ರ, ಮೇಲೆ ಬರವಣಿಗೆ.

ಮೇಜು ಅಧಿಕಾರದ ಗುರುತಾದದ್ದು ಫ್ರಾನ್ಸಿನ ಅರಮನೆಯಲ್ಲಿ. ಹದಿನೈದನೇ ಲೂಯಿಗಾಗಿ 1760ರಲ್ಲಿ ಜಾನ್ ಫ್ರಾನ್ಸ್ವಾ ಓಬೆನ್ ಎಂಬ ಕುಶಲಿ ಒಂದು ಮೇಜಿನ ಕೆಲಸ ಶುರುಮಾಡಿದ. ಅವನು ತೀರಿಹೋದ ಮೇಲೆ ಶಿಷ್ಯ ಜಾನ್ ಆನ್ರಿ ರೀಸನರ್ 1769ರಲ್ಲಿ ಅದನ್ನು ಮುಗಿಸಿದ. ಕಂಚಿನ ಕುಸುರಿ, ಬಣ್ಣಬಣ್ಣದ ಮರದ ಚೂರು ಕೂರಿಸಿದ ಚಿತ್ತಾರ, ತಲೆಯ ಮೇಲೊಂದು ಗಡಿಯಾರ. ಉರುಳುವ ಮುಚ್ಚಳಕ್ಕೂ ಡ್ರಾಯರುಗಳಿಗೂ ಒಂದೇ ಬೀಗದ ಕೈ. ದೊರೆ ಎದ್ದು ಹೋಗುವಾಗ ರಾಜ್ಯದ ಗುಟ್ಟೆಲ್ಲ ಒಂದೇ ತಿರುವಿಗೆ ಭದ್ರ. ವರ್ಸೇಲ್ಸ್ ಅರಮನೆಯಲ್ಲಿ ಈ ಮೇಜನ್ನು ಇಂದಿಗೂ ನೋಡಬಹುದು.

ನೂರು ವರ್ಷದ ನಂತರ ಅಮೆರಿಕದ ವ್ಯಾಪಾರಿಗಳಿಗೂ ಅಂಥ ಭದ್ರತೆ ಬೇಕೆನಿಸಿತು. ಇಂಡಿಯಾನಾಪೊಲಿಸ್‌ನ ವಿಲಿಯಂ ವೂಟನ್ 1874ರಲ್ಲಿ ಪೇಟೆಂಟ್ ಪಡೆದ ಮೇಜಿನ ಮುಂಭಾಗ ಎರಡು ಹೋಳಾಗಿ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತಿತ್ತು. ಒಳಗೆ ನೂರಕ್ಕೂ ಹೆಚ್ಚು ಗೂಡುಗಳು. ಇಡೀ ಕಚೇರಿಯೇ ಒಂದು ಕಪಾಟಿನಲ್ಲಿ. ಆದರೆ ಆ ಹೊತ್ತಿಗೇ ಟೈಪ್‌ರೈಟರ್ ಬಂದಿತ್ತು. ಕಾರ್ಬನ್ ಪ್ರತಿಗಳು ಹೆಚ್ಚಿದವು, ಫೈಲುಗಳಿಗೆ ಬೇರೆ ಬೀರು ಬಂತು, ಸಾಲು ಸಾಲು ಗುಮಾಸ್ತರು ಒಂದೇ ಹಜಾರದಲ್ಲಿ ಕೂತರು. ಗೂಡಿನಲ್ಲಿ ಕಾಗದ ಸಿಕ್ಕಿಕೊಂಡರೆ ಇಡೀ ಕಚೇರಿಯ ಕೆಲಸ ನಿಲ್ಲುವಂತಾಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಂಪನಿಗಳು ಗೂಡುಗಳನ್ನೂ ಉರುಳುವ ಮುಚ್ಚಳವನ್ನೂ ಕಿತ್ತುಹಾಕಿ, ಎಲ್ಲವೂ ಮೇಲ್ವಿಚಾರಕರ ಕಣ್ಣಿಗೆ ಬೀಳುವಂಥ ಬೋಳು ಮೇಜು ತರಿಸಿದವು. ಉಕ್ಕಿನ ಮೇಜು ಬಂದದ್ದೂ ಆಗಲೇ. ಗಟ್ಟಿಯಾಗಿತ್ತು, ಸುಡುತ್ತಿರಲಿಲ್ಲ. ಆದರೆ ಕೂತು ಬರೆಯುವವರ ಸುಖವನ್ನು ಅಲ್ಲಿ ಯಾರೂ ಹೆಚ್ಚು ಯೋಚಿಸಿರಲಿಲ್ಲ.

ಆ ಯೋಚನೆ ಗಂಭೀರವಾಗಿ ನಡೆದದ್ದು ಡೆನ್ಮಾರ್ಕಿನಲ್ಲಿ. 1924ರಿಂದ ಕೋಪನ್‌ಹೇಗನ್‌ನ ರಾಯಲ್ ಅಕಾಡೆಮಿಯಲ್ಲಿ ಪೀಠೋಪಕರಣ ವಿನ್ಯಾಸ ಕಲಿಸಿದ ಕಾರೆ ಕ್ಲಿಂಟ್, ವಿದ್ಯಾರ್ಥಿಗಳಿಗೆ ಮೊದಲು ಮನುಷ್ಯನ ಮೈಯನ್ನೂ ಅವನು ಬಳಸುವ ವಸ್ತುಗಳನ್ನೂ ಅಳೆಯಲು ಹೇಳಿದ. ಕಪಾಟಿನ ಆಳವನ್ನು ನಿರ್ಧರಿಸಬೇಕಾದದ್ದು ಅದರೊಳಗೆ ಇಡುವ ತಟ್ಟೆ, ಬಟ್ಟೆ, ಕಾಗದ. 1927ರಿಂದ 1966ರವರೆಗೆ ಅಲ್ಲಿನ ಬಡಗಿಗಳ ಸಂಘ ಪ್ರತಿವರ್ಷ ಪ್ರದರ್ಶನ ನಡೆಸಿತು. ವಿನ್ಯಾಸಕಾರ ಮತ್ತು ಬಡಗಿ ಜೊತೆಗೂಡಿ ದುಡಿಯುವ ರೂಢಿ ಬೆಳೆದದ್ದು ಹೀಗೆ. ಅರ್ನೆ ವೊಡ್ಡರ್, ಫಿನ್ ಯೂಲ್, ಹಾನ್ಸ್ ವೆಗ್ನರ್ ಮಾಡಿಕೊಟ್ಟ ಮೇಜುಗಳು ಆ ಮಣ್ಣಿನ ಫಸಲು. ಮರ ಮಾತ್ರ ಹೊರಗಿನದು. ಆಗ್ನೇಯ ಏಷ್ಯಾದಿಂದ ಹಡಗಿನಲ್ಲಿ ಬಂದ ತೇಗ.

ಈ ಮೇಜುಗಳಲ್ಲಿ ಹಿತ್ತಾಳೆಯ ಹಿಡಿಕೆ ಅಪರೂಪ. ಡ್ರಾಯರಿನ ಅಂಚನ್ನೇ ಒಳಗೆ ತೋಡಿ ಬೆರಳಿಗೆ ಜಾಗ ಮಾಡಿರುತ್ತಾರೆ. ಕಾಲುಗಳು ಕೆಳಗೆ ಹೋದಂತೆ ಸಣ್ಣಗಾಗುತ್ತವೆ, ನೆಲ ಗುಡಿಸಲು ಸಲೀಸು. ಕೋಣೆಯ ನಡುವೆ ನಿಲ್ಲುವ ಮೇಜಿನ ಬೆನ್ನಿಗೆ ಪುಸ್ತಕದ ಗೂಡು ಇರುತ್ತದೆ, ಎದುರು ಕೂತವರಿಗೂ ಅದು ಚೆಂದ. 1959ರಲ್ಲಿ ಬೋಡಿಲ್ ಕೇರ್ ಎಂಬ ವಿನ್ಯಾಸಕಿ ರೂಪಿಸಿದ ಮೇಜು, ತೆಳ್ಳನೆಯ ಉಕ್ಕಿನ ಚೌಕಟ್ಟಿನ ಮೇಲೆ ತೇಲುವಂತೆ ಕಾಣುತ್ತದೆ. ಜೇಮ್ಸ್ ಬಾಂಡ್ ಚಿತ್ರಗಳಲ್ಲೂ ಅದು ಕಾಣಿಸಿಕೊಂಡಿದೆ.

ಅಮೆರಿಕದಲ್ಲಿ ಹರ್ಮನ್ ಮಿಲ್ಲರ್ ಕಂಪನಿಗೆ ಜಾರ್ಜ್ ನೆಲ್ಸನ್ 1946ರಲ್ಲೇ ಮನೆಯೊಳಗಿನ ಕಚೇರಿಗೆಂದು ಒಂದು ಮೇಜು ರೂಪಿಸಿದ್ದ. ಟೈಪ್‌ರೈಟರ್ ಮರೆಮಾಡಲು ಒಂದು ಜಾಗ, ಪಕ್ಕದಲ್ಲಿ ತೂತುಗಳಿರುವ ಲೋಹದ ಫೈಲ್ ಬುಟ್ಟಿ. 1958ರ ಅವನ ಇನ್ನೊಂದು ಮೇಜು ಇನ್ನೂ ಚಿಕ್ಕದು, ಅಗಲ ಬರೀ 39 ಅಂಗುಲ. ಕೊಳವೆಯನ್ನು ಒತ್ತಡದಲ್ಲಿ ಕಿರಿದುಗೊಳಿಸಿ ಬಾಗಿಸಿದ ಉಕ್ಕಿನ ಕಾಲು, ವಾಲ್ನಟ್ ಮರದ ಪಕ್ಕಗಳು, ಮೇಲೆ ಬಣ್ಣದ ಅಡ್ಡಪಟ್ಟಿಗಳ ಪುಟ್ಟ ಗೂಡುಗಳು. ಕಾಲುಗಳನ್ನು ಬಿಚ್ಚಿ ಸಾಗಿಸಬಹುದು, ಮನೆಯವರೇ ಜೋಡಿಸಿಕೊಳ್ಳಬಹುದು. ಅಪ್ಪನೋ ಅಮ್ಮನೋ ರಾತ್ರಿ ಕೂತು ಪತ್ರ ಬರೆದು, ಬಿಲ್ಲು ತುಂಬಿ ಏಳುವಷ್ಟು ಜಾಗ ಅದರಲ್ಲಿತ್ತು.

ಇದೇ ಕಾಲದಲ್ಲಿ, ಪಂಜಾಬಿನ ಹೊಸ ರಾಜಧಾನಿಯಾಗಿ ಕಟ್ಟುತ್ತಿದ್ದ ಚಂಡೀಗಢಕ್ಕೆ ಬೇಕಾಗಿದ್ದದ್ದು ಒಂದಿಡೀ ರಾಜಧಾನಿಗೆ ಆಗುವಷ್ಟು ಮೇಜು ಕುರ್ಚಿಗಳು. ಸಚಿವಾಲಯ, ಹೈಕೋರ್ಟು, ವಿಶ್ವವಿದ್ಯಾಲಯ, ಗ್ರಂಥಾಲಯ, ನೌಕರರ ಮನೆ, ಎಲ್ಲವೂ ಹೊಸದು, ಎಲ್ಲವೂ ಖಾಲಿ. ಆ ನಗರವನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಯ ಸೋದರಸಂಬಂಧಿ ಪಿಯರ್ ಜಾನರೆ 1951ರಲ್ಲಿ ಬಂದವರು 1965ರವರೆಗೆ ಅಲ್ಲೇ ನೆಲೆಸಿ ಈ ಹೊಣೆ ಹೊತ್ತರು. ಊರ್ಮಿಳಾ ಯೂಲಿ ಚೌಧುರಿಯವರಂಥ ಭಾರತೀಯ ವಾಸ್ತುಶಿಲ್ಪಿಗಳು ಜೊತೆಗಿದ್ದರು. ದೊಡ್ಡ ಕಾರ್ಖಾನೆಯ ಮೊರೆ ಹೋಗದೆ ನಕಾಶೆಗಳನ್ನು ಸ್ಥಳೀಯ ಬಡಗಿಗಳ ಕೈಗೆ ಕೊಟ್ಟರು. ಗೆದ್ದಲಿಗೂ ಮಳೆಗಾಲದ ತೇವಕ್ಕೂ ಜಗ್ಗದ ಸಾಗುವಾನಿ, ಸೆಕೆಗೆ ಗಾಳಿಯಾಡುವ ಬೆತ್ತದ ಹೆಣಿಗೆ, ಭಾರ ತಡೆಯಲು ತಲೆಕೆಳಗಾದ ವಿ ಆಕಾರದ ದಪ್ಪ ಕಾಲು. ಡೆನ್ಮಾರ್ಕಿನ ಮೇಜಿನ ನಾಜೂಕು ಇಲ್ಲಿಲ್ಲ, ಸರ್ಕಾರಿ ಕಚೇರಿಯ ಒರಟು ಬಳಕೆಗೆ ತಕ್ಕ ಗಟ್ಟಿತನ ಇದೆ. ಯಾವ ಇಲಾಖೆಯ ಸೊತ್ತು ಎಂದು ತಿಳಿಯಲು ಬಣ್ಣದಲ್ಲಿ ಅಕ್ಷರ, ಸಂಖ್ಯೆ ಬರೆದಿರುತ್ತಿದ್ದರು.

ಕಾಲ ಕಳೆದಂತೆ ಇವು ಹಳೆಯ ಸಾಮಾನಾದವು. ಮುರಿದವನ್ನು ಕಚೇರಿಗಳು ಮಾಳಿಗೆಯ ಮೇಲೆ ರಾಶಿ ಹಾಕಿದವು, ಗುಜರಿ ಬೆಲೆಗೆ ಹರಾಜು ಹಾಕಿದವು. ವಿದೇಶಿ ವ್ಯಾಪಾರಿಗಳು ಕೊಂಡು, ದುರಸ್ತಿ ಮಾಡಿಸಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಾಂತರ ರೂಪಾಯಿಗೆ ಮಾರಿದರು. ಅವರು ಕೊಂಡದ್ದು ಕಾನೂನಿನ ಪ್ರಕಾರವೇ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಪೀಠೋಪಕರಣಕ್ಕೆ ರಕ್ಷಣೆ ಸಿಗಬೇಕಾದರೆ ಅದಕ್ಕೆ ನೂರು ವರ್ಷ ತುಂಬಿರಬೇಕು, ಚಂಡೀಗಢದ ಮೇಜಿಗೆ ಅಷ್ಟು ವಯಸ್ಸಾಗಿಲ್ಲ. ಕೇಂದ್ರ ಗೃಹ ಸಚಿವಾಲಯ 2011ರಲ್ಲಿ ಈ ಪೀಠೋಪಕರಣಗಳ ಮಾರಾಟ ನಿಲ್ಲಿಸಲು ಆದೇಶಿಸುವ ಹೊತ್ತಿಗೆ ಎಷ್ಟೋ ಸಮುದ್ರ ದಾಟಿದ್ದವು. ಸೆಕ್ಟರ್ 5ರಲ್ಲಿ ಜಾನರೆ ವಾಸವಿದ್ದ ಮನೆ ಈಗ ವಸ್ತುಸಂಗ್ರಹಾಲಯ. ಆ ಕಾಲದ ಪೀಠೋಪಕರಣಗಳನ್ನು ಅಲ್ಲಿ ನೋಡಬಹುದು.

ಈ ಮೇಜುಗಳು ಮತ್ತೆ ಮನೆಗಳಿಗೆ ಬರುತ್ತಿರುವುದು ಬರೀ ಫ್ಯಾಷನ್ನಿನಿಂದಲ್ಲ. 1980–90ರ ದಶಕದಲ್ಲಿ ದಪ್ಪ ಮಾನಿಟರಿನ ಕಂಪ್ಯೂಟರಿಗೆ ಆಳವಾದ ಮೇಜು, ಕೀಬೋರ್ಡಿಗೆ ಜಾರುವ ಹಲಗೆ, ಸಿಪಿಯುಗೆ ಕೆಳಗೊಂದು ಗೂಡು ಬೇಕಾಯಿತು. ಹಗುರ ಮೇಜು ಅಲ್ಲಿ ಸೋತಿತು. ಲ್ಯಾಪ್‌ಟಾಪ್ ಬಂದಮೇಲೆ ನಮಗೆ ಬೇಕಾದದ್ದು ಮತ್ತೆ ಒಂದು ನೋಟ್‌ಬುಕ್ಕಿನಷ್ಟೇ ಜಾಗ. ಟೈಪ್‌ರೈಟರ್ ಕಾಲದ 39 ಅಂಗುಲದ ಮೇಜು ಬೆಂಗಳೂರಿನ ಎರಡು ಕೋಣೆಯ ಫ್ಲಾಟಿಗೆ ಹೇಳಿಮಾಡಿಸಿದ ಹಾಗಿದೆ.

ಇಂಥ ಮೇಜು ನಿಮ್ಮಲ್ಲಿದ್ದರೆ ಒಂದು ಎಚ್ಚರಿಕೆ. ಆ ಕಾಲದ ಅನೇಕ ಮೇಜುಗಳ ಮೇಲ್ಹಲಗೆ ಅಖಂಡ ಮರದ್ದಲ್ಲ, ತೆಳುವಾದ ವೆನೀರ್ ಪದರ ಅಂಟಿಸಿದ್ದು. ಮಷಿನ್ ಇಟ್ಟು ಉಜ್ಜಿಸಿದರೆ ಪದರವೇ ಹರಿದುಹೋಗಿ ಒಳಗಿನ ಅಗ್ಗದ ಹಲಗೆ ಬಯಲಾಗುತ್ತದೆ. ಒದ್ದೆ ಬಟ್ಟೆಯ ಬದಲು ಒಣ ಬಟ್ಟೆಯಲ್ಲಿ ಒರೆಸಿ, ನೇರ ಬಿಸಿಲಿಗೆ ಇಡಬೇಡಿ, ಸಡಿಲವಾದ ಕಾಲನ್ನು ಮೊಳೆಯಿಂದ ಬಿಗಿಸುವ ಬದಲು ಜೋಡಣೆ ಬಿಚ್ಚಿ ಮತ್ತೆ ಅಂಟು ಹಾಕಬಲ್ಲ ಬಡಗಿಯನ್ನು ಹುಡುಕಿ.

ನಮ್ಮ ಹಳೆಯ ಶಾಲೆ, ಕಾಲೇಜು, ಕಚೇರಿಗಳ ಉಗ್ರಾಣಗಳಲ್ಲೂ ಸಾಗುವಾನಿ, ಬೀಟೆ ಮರದ ಮೇಜುಗಳು ಧೂಳು ಹಿಡಿದು ಕೂತಿವೆ. ನಿರುಪಯುಕ್ತ ಎಂದು ಷರಾ ಬರೆದು ಹರಾಜಿಗೆ ಕಳಿಸುವ ಮುನ್ನ ಯಾರು ಮಾಡಿದ್ದು, ಯಾವಾಗ, ಯಾವ ಮರ ಎಂದು ಒಂದು ಪಟ್ಟಿಯನ್ನಾದರೂ ಮಾಡಿ. ಚಂಡೀಗಢ ತಡವಾಗಿ ಮಾಡಿದ ಕೆಲಸವನ್ನು ನಾವು ಹೊತ್ತಿಗೆ ಸರಿಯಾಗಿ ಮಾಡಬಹುದು.